ಸೋಡಾ ಅಂಗಡಿಯ ಮೆಟ್ಟಿಲ ಮೇಲೆ ನಿಂತವನು

ಸಾಹೇಬರ ಕೋಣೆಗೆ ಅಪ್ಪನನ್ನು ಕರೆದುಕೊಂಡು ಬಂದವನು ಜ್ಞಾನೇಶ್ವರನೇ. ಯಾರೂ ಒತ್ತಾಯ ಮಾಡಿರಲಿಲ್ಲ.

ಪೊಲೀಸ್ ಕಾರ್ಯಾಚರಣೆ ನಡೆದು ಒಂದು ವರ್ಷ ದಾಟಿತ್ತು. ನಿಜಾಮರ ಕಾಲದ ಅಧಿಕಾರಿಗಳು ಹೋದ ಜಾಗಕ್ಕೆ ಹೊರಗಿನಿಂದ ಬಂದವರಲ್ಲಿ ಈ ಸಾಹೇಬರೂ ಒಬ್ಬರು. ಮದ್ರಾಸಿನ ಕಡೆಯವರು. ತಮಿಳು, ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಜ್ಞಾನೇಶ್ವರ ಬೀದರ ಸ್ಟೇಷನ್ನಿನ ಹತ್ತಿರ ಒಬ್ಬ ಮಾಸ್ತರರ ಪಡಸಾಲೆಯಲ್ಲಿ ಸಂಜೆ ಹೊತ್ತು ಕೂತು ಇಂಗ್ಲಿಷ್ ಕಲಿತವನು. ಕನ್ನಡ ಮನೆಯದು, ಉರ್ದು ಶಾಲೆಯದು, ಮರಾಠಿ ಬೀದಿಯದು. ಹಾಗಾಗಿ ಸಾಹೇಬರ ಪಕ್ಕದಲ್ಲಿ ನಿಂತು, ಜನ ಹೇಳಿದ್ದನ್ನು ಇಂಗ್ಲಿಷಿಗೆ ಮಾಡುವ ಕೆಲಸ ಅವನಿಗೆ ಸಿಕ್ಕಿತ್ತು. ಒಂದು ಮಾತು ಹೆಚ್ಚಾಗಬಾರದು, ಒಂದು ಮಾತು ಕಡಿಮೆಯಾಗಬಾರದು ಎಂಬ ಹೆದರಿಕೆಯಲ್ಲೇ ಅವನು ಆ ಕೆಲಸ ಮಾಡುತ್ತಿದ್ದ. ಮನೆಗೆ ಹೋದ ಮೇಲೂ ಆ ದಿನ ಬಳಸಿದ ಶಬ್ದ ಸರಿಯಿತ್ತೇ ಎಂದು ಯೋಚಿಸುತ್ತ ಊಟ ತಣ್ಣಗಾಗಿಸಿಕೊಳ್ಳುತ್ತಿದ್ದ.

"ಊರಿನ ಹಳೆಯ ಫೋಟೋಗಳು ಸಿಕ್ಕಿವೆ. ಬೀದಿಗಳದ್ದು, ಅಂಗಡಿಗಳದ್ದು. ಗೊತ್ತಿರುವವರು ಯಾರಾದರೂ ಕೂತು ಹೇಳಿದರೆ ನನಗೂ ಈ ಊರು ಗೊತ್ತಾಗುತ್ತದೆ" ಎಂದು ಸಾಹೇಬರು ಹೇಳಿದಾಗ ಅವನಿಗೆ ಹೆಮ್ಮೆಯಾಗಿತ್ತು. ಊರ ನಡುವಿನ ಚೌಬಾರ ಗೋಪುರದ ಸುತ್ತಲಿನ ಪ್ರತಿ ಮೆಟ್ಟಿಲೂ ನಮ್ಮ ತಂದೆಗೆ ಗೊತ್ತು ಎಂದುಬಿಟ್ಟಿದ್ದ. ಅವರ ಜೊತೆಗಾರರೂ ಇದ್ದಾರೆ ಎಂದು ಸೇರಿಸಿದ್ದ. ಎರಡನೆಯ ಮಾತು ಯಾರಿಗೂ ಬೇಕಿರಲಿಲ್ಲ.

ಗುರುವಾರ ಮಧ್ಯಾಹ್ನ ಮೂವರೂ ಬಂದರು. ಅಪ್ಪ ಬಕ್ಕಪ್ಪ, ಚೌಬಾರದ ಬುಡದಲ್ಲಿ ಪಾನಪಟ್ಟಿ ಇಟ್ಟವನು. ಕಾಶೀರಾಮ, ಮದುವೆ ಮೆರವಣಿಗೆಗಳಿಗೆ ಗ್ಯಾಸಬತ್ತಿ ಬಾಡಿಗೆಗೆ ಕೊಡುವವನು. ಮಹಮ್ಮದ ಇಸ್ಮಾಯಿಲ, ರಸ್ತೆಯ ಆಚೆ ಬದಿಗೆ ಬಿದರಿ ಹೂಜಿಗಳಿಗೆ ಬೆಳ್ಳಿ ಕೂರಿಸುವವನು. ಮೂವರೂ ಒಂದೇ ಬೀದಿಯಲ್ಲಿ ಹಲ್ಲು ಹೋಗುವವರೆಗೆ ಕೂತವರು. ಅಪ್ಪ ತೊಳೆದ ರುಮಾಲು ಸುತ್ತಿದ್ದ. ಇಸ್ಮಾಯಿಲ ಕುರ್ಚಿಯ ತುದಿಯಲ್ಲಿ, ಈಗಲೇ ಏಳಬೇಕಾದವನಂತೆ ಕೂತ. ಬಾಗಿಲಲ್ಲಿ ಔರಾದದ ಕಡೆಯ ಜವಾನನೊಬ್ಬ ನಿಂತಿದ್ದ. ಚಹಾ ಬಂತು.

ಸಾಹೇಬರು ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟರು.

"ಕುತುಬೋದ್ದೀನನ ಪೆಟ್ಟಿಗಿ" ಎಂದ ಅಪ್ಪ, ನೋಡಿದ ಕೂಡಲೇ.

ಕುತುಬೋದ್ದೀನ ಊರಿನ ಫೋಟೋ ತೆಗೆಯುವವನು. ಬಜಾರದ ದಿನ ಚೌಬಾರದ ಗೋಪುರ ಹತ್ತಿ ನಾಲ್ಕೂ ರಸ್ತೆಗಳ ಚಿತ್ರ ತೆಗೆಯುತ್ತಿದ್ದ. ಆಮೇಲೆ ಇಳಿದು ಬಂದು, "ಮೆಟ್ಟಿಲಿಗೆ ಬರ್ರಿ" ಎಂದು ಬೀದಿಯುದ್ದಕ್ಕೂ ಕೂಗುತ್ತಿದ್ದ. ಆ ಕೂಗು ಕೇಳಿದರೆ ಅಂಗಡಿಕಾರರೆಲ್ಲ ಮೆಟ್ಟಿಲು ಒರೆಸಿ, ತಮ್ಮ ತಮ್ಮ ಮಾಲು ಹೊರಗಿಟ್ಟು, ಅದರ ಪಕ್ಕದಲ್ಲಿ ನೆಟ್ಟಗೆ ನಿಲ್ಲುವುದು ರೂಢಿ. ಹಬ್ಬಕ್ಕೆ ಅವನ ಅಂಗಡಿಯಲ್ಲಿ ದಾರಕ್ಕೆ ತೂಗು ಹಾಕಿದ ಚಿತ್ರಗಳಲ್ಲಿ ತಮ್ಮನ್ನು ತಾವು ನೋಡಿಕೊಂಡು ಬರುವುದೂ ರೂಢಿ. ಅವನು ಹೈದರಾಬಾದಿಗೆ ಹೋದವನು ತಿರುಗಿ ಬಂದಿರಲಿಲ್ಲ. ಪೆಟ್ಟಿಗೆ ಕಚೇರಿಗೆ ಬಂದಿತ್ತು.

ಮೊದಲ ಚಿತ್ರದಲ್ಲಿ ನಿಜಾಮರ ರಜತೋತ್ಸವದ ಕಮಾನುಗಳಿದ್ದವು. ಶಹಾಗಂಜಿನ ಕಡೆಯ ರಸ್ತೆ.

"ಏ ಬಕ್ಕ, ಇದು ನಿನ್ನ ದುಕಾನ ಅಲ್ಲೇನು?" ಎಂದ ಕಾಶೀರಾಮ. "ಎಷ್ಟ ಸಣ್ಣದಿತ್ತಪಾ. ನಾಯಿ ಮಲಗಿದ್ರ ಬಾಲ ಹೊರಗ."

"ಬಾಲ ಹೊರಗಿದ್ರೂ ಗಿರಾಕಿ ತುಂಬಿರ್ತಿದ್ರು. ನಿನ್ನ ದುಕಾನದಾಗ ಬತ್ತಿ ಬಿಟ್ರ ಯಾರ ಕೂಡ್ತಿದ್ರು? ಹುಳ."

ಜ್ಞಾನೇಶ್ವರ ಅದನ್ನು ಇಂಗ್ಲಿಷಿಗೆ ಮಾಡಿದ. ಸಾಹೇಬರ ನಗೆ ಉಳಿದವರ ನಗೆ ಮುಗಿದ ಮೇಲೆ ಬಂತು. ಒಳ್ಳೆಯ ನಗೆಯೇ.

ಅಪ್ಪನಿಗೆ ಜನ ನೆನಪಿದ್ದದ್ದು ಅವರು ತಿನ್ನುವ ಪಾನಿನಿಂದ. "ಇಂವ ವಕೀಲರ ಮುನಶಿ. ಸುಣ್ಣ ಕಡಿಮಿ, ತಂಬಾಕ ಹೆಚ್ಚು. ಇವನ ಹಿಂದ ಛತ್ರಿ ಹಿಡದಾನಲ್ಲ, ಅಂವ ಎಲಿ ಒಂದ ಬೇಡಂವ, ಅಡಿಕಿ ಪುಕ್ಕಟ ತಿನ್ನಂವ." ಕಾಶೀರಾಮನಿಗೆ ನೆನಪಿದ್ದದ್ದು ಮೆರವಣಿಗೆಗಳಿಂದ. "ನನ್ನ ಬತ್ತಿ ಬೆಳಕಿನಾಗ ಕಾಣದ ಮಾರಿ ಈ ಊರಾಗ ಇಲ್ಲ. ಇಂವ ತನ್ನ ಮದವ್ಯಾಗ ಕುದುರಿ ಮ್ಯಾಲಿಂದ ಬಿದ್ದಿದ್ದ. ಹೆಂಡತಿ ಇನ್ನೂ ಆಡ್ಕೋತಾಳ." ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿದ್ದುವುದು, ತಿದ್ದಿದವನನ್ನು ಮೊದಲನೆಯವನು ಹಳಿಯುವುದು. ಇಬ್ಬರಿಗೂ ಹತ್ತು ವರ್ಷ ಕಡಿಮೆಯಾದಂತೆ ಕಂಡಿತು. ಜ್ಞಾನೇಶ್ವರನಿಗೂ ಸಂತೋಷವಾಗಿತ್ತು. ಕಚೇರಿಯಲ್ಲಿ ಅಪ್ಪನಿಗೆ ಕುರ್ಚಿ ಹಾಕಿ ಕೂರಿಸಿ ಮಾತು ಕೇಳುತ್ತಾರೆಂದು ಅವನು ಕನಸಲ್ಲೂ ಅಂದುಕೊಂಡಿರಲಿಲ್ಲ.

ಸಾಹೇಬರು ಚಿತ್ರವನ್ನು ಮಗುಚಿ, ಮುಂದೆ ನಿಂತವರ ಹೆಸರುಗಳನ್ನು ಕೇಳಿ, ಹಿಂಬದಿಗೆ ಸೀಸದಕಡ್ಡಿಯಿಂದ ಬರೆದುಕೊಂಡರು. ಮೊದಲ ಎರಡು ಚಿತ್ರಗಳಿಗೆ ಅದು ಬರಿಯ ಕುತೂಹಲದಂತೆ ಕಂಡಿತು. ಮೂರನೆಯ ಚಿತ್ರ ಹೊಸದು. ಅದರಲ್ಲಿ ಅಂಗಡಿಗಳ ಮೇಲೆ ಬಾವುಟಗಳಿದ್ದವು. ಖಾಕಿ ತೊಟ್ಟ ಕೆಲವರು ಸಾಲಾಗಿ ಹೋಗುತ್ತಿದ್ದರು. ಮೆಟ್ಟಿಲುಗಳ ಮೇಲೆ ಜನ ನಿಂತಿದ್ದರು.

"ಇವರಲ್ಲಿ ಯಾರು ಯಾರು ಗೊತ್ತು?" ಎಂದರು ಸಾಹೇಬರು. ಅದೇ ಮೆಲು ಧ್ವನಿ.

ಜ್ಞಾನೇಶ್ವರ ಅದನ್ನು ಕನ್ನಡಕ್ಕೆ ಮಾಡುವಾಗಲೇ ಅವನಿಗೆ ಲಾಲ ಅಹ್ಮದ ನೆನಪಾದ.

ಅಪ್ಪನ ಪಾನಪಟ್ಟಿಯ ಬಗಲಲ್ಲೇ ಲಾಲ ಅಹ್ಮದನ ಗೋಲಿ ಸೋಡಾ ಅಂಗಡಿ. ರಜಾಕಾರರ ದಿನಗಳಲ್ಲಿ ಬೀದಿಯ ಪ್ರತಿ ಮುಸಲ್ಮಾನ ಅಂಗಡಿಯಿಂದ ಒಬ್ಬ ಖಾಕಿ ಹಾಕಿಕೊಂಡು ಬರಬೇಕೆಂದು ತಾಕೀತಾದಾಗ ಅವನೂ ಹಾಕಿಕೊಂಡಿದ್ದ. ಸೆಪ್ಟೆಂಬರಿನಲ್ಲಿ ಸೈನ್ಯ ಬಂದು, ಹಳ್ಳಿಗಳ ಕಡೆ ಹೆಣ ಬೀಳತೊಡಗಿದಾಗ ಅಪ್ಪ ಅವನನ್ನು ಜೋಳದ ಕಣಿಕಿ ತುಂಬಿದ ಗಾಡಿಯಲ್ಲಿ ಮಲಗಿಸಿ ಸಂತಪುರಕ್ಕೆ ಒಯ್ದು, ಜ್ಞಾನೇಶ್ವರನ ಸೋದರಮಾವ ಮಡೆಪ್ಪನ ಮನೆಯಲ್ಲಿ ಬಿಟ್ಟು ಬಂದಿದ್ದ. ಅಂದಿನಿಂದ ಅವನು ಅಲ್ಲಿ ಲಾಲಪ್ಪ. ಮಡೆಪ್ಪನ ಕುರಿ ಕಾಯುತ್ತಾನೆ. ಹೆಂಡತಿ ಮೌಲಾಬಿ ಭಾಲ್ಕಿಯಲ್ಲಿ ತಾಯಿಯ ಮನೆಯಲ್ಲಿದ್ದಾಳೆ. ನನ್ನ ಹೆಸರು ಎಲ್ಲಾದರೂ ಇದೆಯೇ ನೋಡು, ಇಲ್ಲದಿದ್ದರೆ ಬಂದು ಅಂಗಡಿ ತೆರೆಯುತ್ತೇನೆ ಎಂದು ಅವನು ಹೇಳಿ ಕಳಿಸಿದ್ದ. ಜ್ಞಾನೇಶ್ವರ ನೋಡಿದ್ದ. ಆರೋಪಿಗಳ ಯಾವ ಪಟ್ಟಿಯಲ್ಲೂ ಇರಲಿಲ್ಲ. ಈ ಭಾನುವಾರ ಸಂತಪುರಕ್ಕೆ ಹೋಗಿ, "ಬಾ" ಎನ್ನುವವನಿದ್ದ. ಇದು ಗೊತ್ತಿದ್ದದ್ದು ಬೀದಿಯಲ್ಲಿ ಅವನಿಗೆ ಮತ್ತು ಅಪ್ಪನಿಗೆ ಮಾತ್ರ.

ಲಾಲ ಅಹ್ಮದನೂ ಮೆಟ್ಟಿಲ ಮೇಲೆ ನಿಂತಿದ್ದನೇ? ಕುತುಬೋದ್ದೀನ ಕೂಗಿದರೆ ನಿಲ್ಲದವರು ಯಾರು?

"ಇಸ್ಮಾಯಿಲ, ನೀ ಯಾಕ ಸುಮ್ನ ಕುಂತಿ? ಹೇಳು" ಎಂದ ಕಾಶೀರಾಮ.

"ನನಗ ನೆನಪಿಲ್ಲ."

"ನೆನಪಿಲ್ಲ? ಇಲ್ಲಿ ನಿಂತಂವ ನಿನ್ನ ಸ್ವಂತ ತಮ್ಮ ಅದಾನೋ."

ಇಸ್ಮಾಯಿಲ ಚಿತ್ರದ ಮೇಲೆ ಬಾಗಲಿಲ್ಲ. "ಹೌದು. ಹಬೀಬ. ಸತ್ತಾನ."

ಹಬೀಬ ಸತ್ತದ್ದು ಎಲ್ಲರಿಗೂ ಗೊತ್ತಿತ್ತು. ಆ ಸೆಪ್ಟೆಂಬರಿನಲ್ಲಿ ಔರಾದದ ದಾರಿಯಲ್ಲಿ, ಒಂದು ಬಾವಿಯ ಹತ್ತಿರ. ಹೆಣ ಸಿಕ್ಕಿರಲಿಲ್ಲ. ಸಾಹೇಬರು ಅನುವಾದಕ್ಕೆ ಕಾಯಲಿಲ್ಲ. ಆ ಶಬ್ದ ಅವರ ಭಾಷೆಯಲ್ಲೂ ಹೆಚ್ಚುಕಡಿಮೆ ಹಾಗೆಯೇ ಇತ್ತಂತೆ. ಹೆಸರು ಬರೆದು, ಪಕ್ಕದಲ್ಲಿ ಸಣ್ಣ ಕತ್ತರಿ ಗುರುತು ಹಾಕಿದರು.

ಅಲ್ಲಿಂದ ಮುಂದೆ ಇಸ್ಮಾಯಿಲನಿಗೆ ನೆನಪು ಬರತೊಡಗಿತು. ಬಳೆಗಾರನ ಮೆಟ್ಟಿಲ ಮೇಲಿನವನು? ಸತ್ತಾನ. ಮಿಠಾಯಿ ಅಂಗಡಿಯವನು? ಅವನೂ ಸತ್ತಾನ. ಇಬ್ಬರೂ ನಿಜವಾಗಿ ಸತ್ತವರೇ. ಮುಂದಿನ ಚಿತ್ರದಲ್ಲಿ ಖಾಕಿಯ ಸಾಲಿನ ತುದಿಗಿದ್ದವನನ್ನು ಸಾಹೇಬರು ಕಡ್ಡಿಯಿಂದ ತೋರಿಸಿದಾಗ ಇಸ್ಮಾಯಿಲ, "ಅಬ್ದುಲ ವಾಹೀದ, ದರ್ಜಿ. ಅಂವನೂ ಸತ್ತಾನ" ಎಂದ.

ಜ್ಞಾನೇಶ್ವರ ಇಸ್ಮಾಯಿಲನ ಮುಖ ನೋಡಿದ. ವಾಹೀದ ಸತ್ತಿರಲಿಲ್ಲ. ಆಗ ಅವನಿಗೆ ಮುದುಕ ಮಾಡುತ್ತಿರುವುದು ಏನೆಂದು ತಿಳಿಯಿತು.

ಕಾಶೀರಾಮನಿಗೆ ತಿಳಿಯಲಿಲ್ಲ. ಅವನ ನೆನಪನ್ನು ಯಾರೋ ತಪ್ಪೆಂದ ಹಾಗಾಗಿತ್ತು. "ಏ, ಅಂವ ಹ್ಯಾಂಗ ಸತ್ತ? ಮೊನ್ನಿ ಹುಮನಾಬಾದದಾಗ ನೋಡೇನಿ. ಕಟ್ಟಿ ಮ್ಯಾಲ ಮಶೀನ ಇಟ್ಕೊಂಡು ಹೊಲಿಲಿಕ್ಕತ್ತಿದ್ದ. ನನಗ ಚಾ ಕುಡಿಸ್ದ."

ಸಾಹೇಬರು ತಲೆ ಎತ್ತಿದರು. "ಹುಮನಾಬಾದ್ ಎಂದರಲ್ಲ?"

ಊರ ಹೆಸರಿಗೂ ಅನುವಾದ ಬೇಕಿರಲಿಲ್ಲ. ಜ್ಞಾನೇಶ್ವರ, "ಅವನ ಸಂಬಂಧಿಕರು ಅಲ್ಲಿದ್ದರು ಎನ್ನುತ್ತಾರೆ" ಎಂದ. ಕೆಲಸಕ್ಕೆ ಸೇರಿದ ಮೇಲೆ ಅವನು ಸುಳ್ಳು ಅನುವಾದ ಮಾಡಿದ್ದು ಅದೇ ಮೊದಲು. ಬಾಗಿಲ ಜವಾನನಿಗೆ ಕನ್ನಡ ಬರುತ್ತಿತ್ತು. ಅವನು ಗೋಡೆ ನೋಡುತ್ತ ನಿಂತಿದ್ದ. ಕೇಳಿಸಿಕೊಂಡನೋ ಇಲ್ಲವೋ ಗೊತ್ತಾಗಲಿಲ್ಲ. ಸಾಹೇಬರು ಹುಮನಾಬಾದ್ ಎಂದು ಬರೆದು ಮುಂದೆ ಪ್ರಶ್ನೆಚಿಹ್ನೆ ಹಾಕಿದರು.

"ಅಪ್ಪಾ, ಚಾ ಆರ್ತದ, ಕುಡಿ" ಎಂದ ಜ್ಞಾನೇಶ್ವರ, ಅಪ್ಪನ ಕಣ್ಣು ಹಿಡಿಯಲು ನೋಡುತ್ತ.

"ಕುಡಿತೀನಿ ತಡಿಯೋ. ಇದನ್ನ ನೋಡು, ನಮ್ಮ ಗಂಗುಬಾಯಿ ಹೂವಿನ ಬುಟ್ಟಿ ಹೊತ್ಕೊಂಡು ಹೊಂಟಾಳ. ನಡಗಿ ನೋಡು, ಆಗೂ ಹಿಂಗ."

ಎದ್ದು ಹೋಗೋಣ ಎನ್ನುವಂತಿರಲಿಲ್ಲ. ತಾನೇ ಕರೆತಂದವನು. ತಲೆನೋವೆಂದರೆ ಬೇರೆ ದುಭಾಷಿ ಬರುತ್ತಾನೆ, ಅವನು ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಕೂತಿದ್ದರೆ ಪೆಟ್ಟಿಗೆ ಬರಿದಾಗುತ್ತ ಹೋಗುತ್ತದೆ. ಸಾಹೇಬರ ಬೆರಳು ಇನ್ನೊಂದು ಚಿತ್ರ ಎತ್ತಿತು.

ಸೋಡಾ ಅಂಗಡಿ. ಸಾಲು ಸಾಲು ಬಾಟಲಿಗಳು ಒರೆಸಿ ಹೊಳೆಯುತ್ತಿದ್ದವು. ಮೆಟ್ಟಿಲ ಮೇಲೆ ಲಾಲ ಅಹ್ಮದ ಒಬ್ಬನೇ, ಖಾಕಿ ಅಂಗಿ, ಸೊಂಟಕ್ಕೆ ಬೆಲ್ಟು, ಹೆಗಲ ಮೇಲೆ ಕೋಲು. ಎದೆ ಉಬ್ಬಿಸಿ ನಿಂತಿದ್ದ. ಹಿಂದಿನ ವರ್ಷ ಇದೇ ಮೆಟ್ಟಿಲ ಮೇಲೆ ಸೋಡಾ ಮಶೀನಿಗೆ ಹೂವಿನ ಹಾರ ಹಾಕಿ ಹೀಗೆಯೇ ನಿಂತಿದ್ದ. ಅವನಿಗೆ ಎರಡರ ನಡುವೆ ವ್ಯತ್ಯಾಸ ಕಂಡಿರಲಿಕ್ಕಿಲ್ಲ.

"ಈ ಪೋಷಾಕಿನಲ್ಲಿ ಮುಖ ಇಷ್ಟು ಸ್ಪಷ್ಟವಾಗಿ ಕಾಣುವ ಚಿತ್ರ ಇದೊಂದೇ" ಎಂದರು ಸಾಹೇಬರು. "ಚಿಂತಾಕಿ ಹಳ್ಳಿಯಿಂದ ರಜಾಕಾರರ ದಾಳಿಯ ಬಗ್ಗೆ ಒಂದು ದೂರು ಬಂದಿದೆ. ಲಾರಿಯಲ್ಲಿ ಬಂದವರಲ್ಲಿ ಇವನಿದ್ದನೇ ಎಂದು ಅಲ್ಲಿಯವರಿಗೆ ತೋರಿಸಬೇಕು. ಯಾರಿವನು?"

ಜ್ಞಾನೇಶ್ವರ ಒಮ್ಮೆ ಲಾಲ ಅಹ್ಮದ ಲಾರಿ ಹತ್ತಿದ್ದನ್ನು ನೋಡಿದ್ದ. ಲಾರಿ ಮನ್ನಳ್ಳಿಯ ದಾರಿ ಹಿಡಿದಿತ್ತು. ಎಲ್ಲಿಯವರೆಗೆ ಹೋದ, ಏನು ಮಾಡಿದ ಎಂದು ಕೇಳಿರಲಿಲ್ಲ. ಕೇಳಬೇಕಿತ್ತು ಎಂದು ಈಗ ಅನ್ನಿಸಿತು. ಗೊತ್ತಿದ್ದರೆ ಈ ಕ್ಷಣ ಸುಲಭವಾಗುತ್ತಿತ್ತು, ಯಾವ ಕಡೆಗಾದರೂ. ಆದರೆ ಚಿಂತಾಕಿಯವರ ಮುಂದೆ ಖಾಕಿ ತೊಟ್ಟ ಒಂದು ಚಿತ್ರ ಇಟ್ಟರೆ ಅವರು ಏನೆನ್ನುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

"ಇವನೂ ಸತ್ತಾನ" ಎಂದ ಇಸ್ಮಾಯಿಲ.

"ಸತ್ತನ?" ಕಾಶೀರಾಮ ಅಪ್ಪನ ಕಡೆ ತಿರುಗಿದ. "ಬಕ್ಕ, ನೀ ಹೇಳಪಾ. ನಿನ್ನ ಬಾಜೂಕಿನಂವ. ಹೈದ್ರಾಬಾದಕ್ಕ ಹೋಗ್ಯಾನ ಅಂತ ನೀನ ಹೇಳಿದ್ದಿ."

ಅಪ್ಪ ಚಿತ್ರವನ್ನು ಕೈಗೆತ್ತಿಕೊಂಡ. ನೋಡಿದ. ಮಗುಚಿದ. ಹಿಂಬದಿ ಖಾಲಿಯಿತ್ತು. ಮೇಜಿನ ಮೇಲೆ ಮಗುಚಿಟ್ಟ ಉಳಿದ ಚಿತ್ರಗಳತ್ತ ಅವನ ದೃಷ್ಟಿ ಹೋಯಿತು.

"ಜ್ಞಾನು, ಸಾಹೇಬರು ಈ ಕತ್ತರಿ ಗುರುತ ಯಾರಿಗೆ ಹಾಕ್ಲಿಕ್ಕತ್ತಾರ?"

"ಸತ್ತವರಿಗೆ."

"ಮತ್ತ ಉಳದವರಿಗೆ?"

"ಉಳದವರನ್ನ ಹುಡುಕ್ತಾರ, ಅಪ್ಪಾ."

ನಿಮ್ಮ ತಂದೆ ಏನು ಕೇಳಿದರು ಎಂದರು ಸಾಹೇಬರು. ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ಅವರು ತಲೆಯಾಡಿಸಿದರು, ಉತ್ತರ ಸರಿಯಿದೆ ಎಂಬಂತೆ. ಕಾಶೀರಾಮ ಮಾತ್ರ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ. ಅವನ ಕಣ್ಣು ಹುಮನಾಬಾದ್ ಎಂದು ಬರೆದ ಚಿತ್ರದ ಮೇಲೆ ನಿಂತಿತು. ಅವನಿಗೆ ಇಂಗ್ಲಿಷ್ ಓದಲು ಬಾರದು. ಯಾವ ಚಿತ್ರ ಎಂಬುದು ಮಾತ್ರ ಗೊತ್ತಿತ್ತು.

"ಸತ್ತಾನ್ರಿ" ಎಂದ ಅಪ್ಪ. "ಲಾಲ ಅಹ್ಮದ. ನಾ ಕಾಶೀರಾಮಗ ಹೈದ್ರಾಬಾದ ಅಂತ ಸುಳ್ಳ ಹೇಳಿದ್ದೆ. ಸತ್ತಾನ ಅನ್ಲಿಕ್ಕ ಮನಸ ಬರಲಿಲ್ಲ."

"ಹೇಗೆ ಸತ್ತ? ಎಲ್ಲಿ?"

ಅಪ್ಪ ಸುಳ್ಳು ಹೇಳದವನೇನಲ್ಲ. ಅಡಿಕೆಯ ಜಾತಿ ಬಗ್ಗೆ ದಿನಾ ಹೇಳುತ್ತಿದ್ದ. ಆದರೆ ಇಂಥದ್ದು ಅವನ ಬಾಯಿಗೆ ಬರಲಿಲ್ಲ. ಆಗ ಇಸ್ಮಾಯಿಲ ಕುರ್ಚಿಯ ತುದಿಯಿಂದ ಹಿಂದೆ ಸರಿದು ಸರಿಯಾಗಿ ಕೂತ.

"ಔರಾದದ ದಾರ್ಯಾಗ" ಎಂದ. "ಬಾವಿ ಅದಲ್ಲ, ಬೇವಿನ ಗಿಡದ ಹತ್ರ, ಅಲ್ಲಿ. ಹೊತ್ತ ಏರಿತ್ತು. ಜನ ಬಂದ್ರು. ಅಂವ ಓಡ್ಲಿಲ್ಲ. ನಾ ಏನ ಮಾಡೇನಿ, ಯಾಕ ಓಡ್ಲಿ ಅಂದ."

ಅದು ಹಬೀಬನ ಸಾವು. ಕಣ್ಣಾರೆ ಕಂಡವರೊಬ್ಬರಿಂದ ಕೇಳಿದ್ದ ಅದನ್ನು ಇಸ್ಮಾಯಿಲ ಒಂದು ವರ್ಷದಿಂದ ಬೀದಿಯಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ. ಜ್ಞಾನೇಶ್ವರ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ಮಾಡಿದ. ಒಂದು ಮಾತೂ ಹೆಚ್ಚಿಸಲಿಲ್ಲ.

"ಹೂಳಿದವರು ಯಾರು?"

"ನಾವೇ" ಎಂದ ಇಸ್ಮಾಯಿಲ. "ನಾನು, ಬಕ್ಕಪ್ಪ. ನೀರ ಹಾಕಿದ್ವಿ. ಬಿಳಿ ಬಟ್ಟಿ ಸಿಕ್ಕಿತ್ತು. ಎಲ್ಲಾ ಬರಾಬರಿ ಮಾಡಿದ್ವಿ, ಯಾವುದಕ್ಕೂ ಕಡಿಮಿ ಬೀಳ್ಲಿಲ್ಲ."

ಹಬೀಬನಿಗೆ ಇದು ಯಾವುದೂ ಸಿಕ್ಕಿರಲಿಲ್ಲ. ಅಪ್ಪ ರುಮಾಲಿನ ಸೆರಗಿನಿಂದ ಮೂಗು ಒರೆಸಿಕೊಂಡ. ಜ್ಞಾನೇಶ್ವರನಿಗೆ ಶವದ ಬಟ್ಟೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಹೊಳೆಯಲಿಲ್ಲ. ಬಿಳಿಯ ಬಟ್ಟೆ ಎಂದಷ್ಟೇ ಹೇಳಿದ.

ಸಾಹೇಬರು ಕತ್ತರಿ ಗುರುತು ಹಾಕಿದರು. ಆಮೇಲೆ ಮಗುಚಿಟ್ಟ ಚಿತ್ರಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿ ನೋಡಿದರು. "ಒಂದೇ ಬೀದಿಯಲ್ಲಿ ಇಷ್ಟು ಜನವೇ?" ಎಂದರು. ಅವರು ಉಳಿದ ಚಿತ್ರಗಳನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ಕೆಟ್ಟ ಮನುಷ್ಯರಲ್ಲ. ಅವರೇ ಮುಂದೆ ಕೇಳಿದರು, ಈ ಸೋಡಾದವನಿಗೆ ಹೆಂಡತಿ ಇದ್ದಾಳೆಯೇ ಎಂದು. ಕಚೇರಿಯಲ್ಲಿದ್ದ ಅಂಗಡಿಯ ಪರವಾನಗಿ ಕಾಗದದಲ್ಲಿ ಅವಳ ಭಾಲ್ಕಿಯ ವಿಳಾಸ ಇದ್ದುದರಿಂದ ಜ್ಞಾನೇಶ್ವರ ಇದ್ದಾಳೆ ಎನ್ನಲೇಬೇಕಾಯಿತು.

"ಹಾಗಾದರೆ ಭಾಲ್ಕಿ ಠಾಣೆಗೆ ಬರೆಯುತ್ತೇನೆ. ಗಂಡ ಸತ್ತದ್ದು ಹೌದೆಂದು ಅವಳ ಹೇಳಿಕೆ ಬಂದರೆ ಚಿಂತಾಕಿಯ ದೂರಿನಲ್ಲಿ ಇವನನ್ನು ಬಿಡಬಹುದು. ವಿಧವೆಗೆ ಏನಾದರೂ ಸಹಾಯ ಮಾಡಲಿಕ್ಕೂ ಆದೀತು."

ಹೊರಗೆ ಬಂದು ಮದರಸಾದ ಗೋಡೆಯವರೆಗೆ ನಡೆದರು.

"ನಾಳಿ ನಾ ಹುಮನಾಬಾದಕ್ಕ ಹೋಗಿ ಬರ್ತೇನಿ" ಎಂದ ಕಾಶೀರಾಮ. "ಬತ್ತಿ ಜಾಳಗಿ ತರಬೇಕು ಅಂತ ಹೇಳಿ."

"ನಾಳಿ ಬ್ಯಾಡ" ಎಂದ ಇಸ್ಮಾಯಿಲ. "ಇವತ್ತ ಹೋಗು."

ಕಾಶೀರಾಮ ಮನೆಗೂ ಹೋಗದೆ ಅಲ್ಲಿಂದಲೇ ಮೋಟಾರು ನಿಲ್ಲುವ ಕಡೆ ತಿರುಗಿದ.

ಭಾನುವಾರ ಜ್ಞಾನೇಶ್ವರ ಸಂತಪುರಕ್ಕೆ ಹೋದ. ಮಡೆಪ್ಪನ ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಆಚೆಯ ಬೀಳಿನಲ್ಲಿ ಲಾಲ ಅಹ್ಮದ ಕಂಬಳಿ ಹೊದ್ದು ಕುರಿಗಳ ನಡುವೆ ಇದ್ದ. ಗಡ್ಡ ತೆಗೆದಿದ್ದ. ಬಿಸಿಲಿಗೆ ಕಪ್ಪಾಗಿದ್ದ. ಜ್ಞಾನೇಶ್ವರನನ್ನು ಕಂಡವನೇ ಕೋಲು ಬಿಸಾಕಿ ಬಂದ.

"ಏನೋ ಜ್ಞಾನ್ಯಾ, ಬರಲೇನು? ಮಶೀನಿನ ರಬ್ಬರ ಎಲ್ಲಾ ಹೋಗಿರಬೇಕು. ಹೊಸಾದ ಹಾಕಬೇಕು."

ಜ್ಞಾನೇಶ್ವರ ಎಲ್ಲವನ್ನೂ ಹೇಳಿದ. ಎಲ್ಲಿಯೂ ನಿಲ್ಲಲಿಲ್ಲ, ನಿಂತರೆ ಮತ್ತೆ ಶುರು ಮಾಡಲಾಗುವುದಿಲ್ಲ ಎಂದು.

ಲಾಲ ಅಹ್ಮದ ಕೂತ. ಒಂದು ಮರಿ ಬಂದು ಅವನ ಕಂಬಳಿಯ ಅಂಚು ಜಗಿಯಿತು. "ಮಣ್ಣ ಕೊಟ್ರ್ಯಾ?" ಎಂದ.

"ಕೊಟ್ವಿ."

"ನಿಮ್ಮಪ್ಪ ಅತ್ತನೇನು?"

"ಮೂಗ ಒರಸಿಕೊಂಡ."

"ಅಷ್ಟs? ಇಷ್ಟ ವರ್ಷ ಪುಕ್ಕಟ ಸೋಡಾ ಕುಡಸೀನಿ." ನಗಲು ನೋಡಿದ. ನಗೆ ಅರ್ಧಕ್ಕೆ ನಿಂತಿತು. "ಹಂಗಾರ ಇನ್ನ ಬೀದರಕ್ಕ ಬರೂಹಂಗಿಲ್ಲ ನಾ."

"ಈಗ ಬ್ಯಾಡ, ಲಾಲಭಾಯಿ."

"ಈಗ ಅಲ್ಲೋ. ಸತ್ತಂವ ಆಮ್ಯಾಲ ಬರ್ತಾನೇನು? ನಾ ಬಂದ್ರ ನಿಮ್ಮಪ್ಪಗ ಹಿಡಿತಾರ, ಇಸ್ಮಾಯಿಲ ಚಾಚಾಗ ಹಿಡಿತಾರ, ಮೊದಲ ನಿನಗ ಹಿಡಿತಾರ." ಮರಿಯ ಬಾಯಿಂದ ಕಂಬಳಿ ಬಿಡಿಸಿದ. "ಮಡೆಪ್ಪಮಾಮಾ ಒಳ್ಳೆಂವ. ಕುರಿನೂ ಒಳ್ಳೇವ. ಖರೆ ಇವು ಮಾತಾಡೂದಿಲ್ಲ. ದಿನಾ ನೂರು ಮಂದಿ ಕೂಡ ಮಾತಾಡಂವ ನಾನು."

ಮೌಲಾಬಿಯ ಮಾತು ಬಂತು. ಠಾಣೆಯವರು ಬರುವ ಮೊದಲು ಯಾರಾದರೂ ಅವಳಿಗೆ ನಿಜ ತಿಳಿಸಿ, ಅವರ ಮುಂದೆ ಏನೆನ್ನಬೇಕೆಂದು ಹೇಳಿಕೊಡಬೇಕು. "ನೀನ ಹೋಗು" ಎಂದ ಲಾಲ ಅಹ್ಮದ. "ಕಿವ್ಯಾಗ ಹೇಳು. ಅಕಿಗೆ ಸುಳ್ಳ ಅಳು ಬರೂದಿಲ್ಲ, ಉಳ್ಳಾಗಡ್ಡಿ ಹೆಚ್ಚು ಅಂತ ಹೇಳು." ಈ ಸಲ ಸ್ವಲ್ಪ ನಕ್ಕ.

ಜ್ಞಾನೇಶ್ವರ ರಾತ್ರಿ ಮಡೆಪ್ಪನ ಮನೆಯಲ್ಲಿ ಮಲಗಿ, ಸೋಮವಾರ ಭಾಲ್ಕಿಗೆ ಹೋದ. ಕಚೇರಿಗೆ ಜ್ವರವೆಂದು ಹೇಳಿ ಕಳಿಸಿದ್ದ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಯೋಚಿಸಿದ. ಮೊದಲು ಬದುಕಿದ್ದಾನೆ ಎನ್ನಬೇಕು. ಸತ್ತ ಎಂಬ ಮಾತು ಆಮೇಲೆ ಬರಬೇಕು. ಆ ಕ್ರಮ ತಪ್ಪಬಾರದು. ಬಾಯಲ್ಲೇ ಹಲವು ಸಲ ಹೇಳಿಕೊಂಡ.

ಮನೆಯ ಅಂಗಳದಲ್ಲಿ ಭಾಲ್ಕಿ ಠಾಣೆಯ ಜಮಾದಾರ ಕೂತಿದ್ದ.

ಅವನು ನಡುವಯಸ್ಸಿನವನು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಪಕ್ಕದಲ್ಲಿ ಕುಡಿಯದೆ ಇಟ್ಟ ನೀರಿನ ತಂಬಿಗೆ. ಜ್ಞಾನೇಶ್ವರನನ್ನು ಕಂಡು ಅವನ ಮುಖ ಅರಳಿತು. "ನೀವು ಸಾಹೇಬರ ಕಚೇರಿಯವ್ರಲ್ಲೇನ್ರಿ? ಬೀದರದಾಗ ನೋಡೇನಿ. ಛಲೋ ಆತು ಬಂದ್ರಿ. ಆಗಿಂದ ಕುಂತೇನಿ, ನನಗ ಬಾಯಿ ಬರವಲ್ದು. ಹೆಣ್ಣಮಕ್ಕಳಿಗೆ ಇಂಥಾ ಸುದ್ದಿ ಹ್ಯಾಂಗ ಹೇಳಬೇಕ್ರಿ? ನೀವ ಹೇಳ್ರಿ, ನಾ ಬರ್ಕೋತೇನಿ."

"ನಾನು ಒಳಗ ಹೋಗಿ—"

"ಒಳಗ ಯಾಕ್ರಿ, ಇಲ್ಲೇ ಕರೀರಿ. ನನ್ನ ಮುಂದ ಆಗಬೇಕು ಅಂತ ಹುಕುಂ ಅದ."

ಮೌಲಾಬಿ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ ಬಾಗಿಲಿಗೆ ಬಂದಳು. ಜಮಾದಾರನನ್ನು ನೋಡಿ ಹೆದರಿದ್ದವಳು ಜ್ಞಾನೇಶ್ವರನನ್ನು ಕಂಡು ಉಸಿರು ಬಿಟ್ಟಳು. ಕೈತುಂಬ ಹಸಿರು ಬಳೆ, ಕೊರಳಲ್ಲಿ ಕರಿಮಣಿ. ಅವಳ ಕಣ್ಣಲ್ಲಿ ಪ್ರಶ್ನೆಯಿತ್ತು. ಬಾಯಲ್ಲಿ ಕೇಳಿದರೆ ಎಲ್ಲ ಮುಗಿಯುತ್ತಿತ್ತು. ಅವರು ಹೇಗಿದ್ದಾರೆ ಎಂದು ಅವಳು ಕೇಳುವ ಮೊದಲು ತಾನು ಮಾತಾಡಬೇಕು. ಅವಳ ತುಟಿ ತೆರೆಯಿತು.

"ಭಾಭಿ, ಲಾಲಭಾಯಿ ಸತ್ತಾನ" ಎಂದ ಜ್ಞಾನೇಶ್ವರ.

ಅವಳು ಅವನನ್ನೇ ನೋಡಿದಳು. ಅವನು ಕಣ್ಣಿನಲ್ಲಿ ಏನಾದರೂ ಹೇಳಲು ನೋಡಿದ. ಜಮಾದಾರ ಅವನ ಮುಖವನ್ನೇ ನೋಡುತ್ತಿದ್ದ. ಜ್ಞಾನೇಶ್ವರನ ಕಣ್ಣು ನೆಲಕ್ಕೆ ಇಳಿಯಿತು. ಅದನ್ನು ಅವಳು ನಿಜವೆಂದು ತಿಳಿದಳು. ಜ್ಞಾನೇಶ್ವರ ಸುಳ್ಳು ಹೇಳುವವನಲ್ಲ ಎಂದು ಚೌಬಾರದ ಬೀದಿಯಲ್ಲಿ ಹತ್ತು ವರ್ಷ ಇದ್ದವಳಿಗೆ ಗೊತ್ತಿತ್ತು.

ಅವಳು ಕೂಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಕೂತಳು. ಒಳಗಿನಿಂದ ತಾಯಿ ಓಡಿ ಬಂದಳು, ಕೂಗಿದವಳು ಅವಳು. ಅಕ್ಕಪಕ್ಕದ ಹೆಂಗಸರು ಬಂದರು. ಯಾರೋ ಮೌಲಾಬಿಯ ಕೈ ಹಿಡಿದು ಹೊಸ್ತಿಲಿಗೆ ಬಡಿದರು. ಹಸಿರು ಚೂರುಗಳು ಅಂಗಳದವರೆಗೆ ಸಿಡಿದವು. ಯಾವಾಗ ಎಂದು ಅವಳು ಒಮ್ಮೆ ಕೇಳಿದಳು. ಹೋದ ವರ್ಷ ಎಂದ ಜ್ಞಾನೇಶ್ವರ. ಅವಳು ತಲೆ ಅಲ್ಲಾಡಿಸಿದಳು. ಹೋದ ತಿಂಗಳು ಮಡೆಪ್ಪನ ಕೈಯಲ್ಲಿ ಗಂಡನ ಸುದ್ದಿ ಬಂದಿತ್ತು. ಅದು ಯಾರ ಸುದ್ದಿ ಎಂದು ಅವಳು ಕೇಳಲಿಲ್ಲ. ಆ ಸುದ್ದಿಯನ್ನೂ ಯಾರೋ ದಯೆಯಿಂದ ಹುಟ್ಟಿಸಿದ್ದರು ಎಂದುಕೊಂಡಿರಬೇಕು. ಹೆಂಗಸರು ಅವಳನ್ನು ಎತ್ತಿ ಒಳಗೆ ಒಯ್ದರು. ಬಾಗಿಲಿಗೆ ಪರದೆ ಬಿತ್ತು.

"ಬರ್ಕೊಂಡೇನಿ" ಎಂದ ಜಮಾದಾರ, ಕಣ್ಣು ಒರೆಸಿಕೊಳ್ಳುತ್ತ.

ಜ್ಞಾನೇಶ್ವರ ಪರದೆಯ ಹತ್ತಿರ ಹೋದ. "ಅಮ್ಮಾ, ಭಾಭಿ ಕೂಡ ಒಂದ ಮಾತ ಆಡಬೇಕು. ಒಂದs ಮಾತು."

ತಾಯಿ ಪರದೆಯ ಆಚೆಯಿಂದಲೇ ಹೇಳಿದಳು, ಸಿಟ್ಟಿಲ್ಲದೆ. "ಇನ್ನ ಅಕಿ ಇದ್ದತ್ತಿನಾಗ ಕುಂತಳಪ್ಪಾ. ಸತ್ತಿದ್ದ ಯಾವಾಗರೆ ಇರ್ಲಿ, ನಮ್ಮಲ್ಲಿ ಸುದ್ದಿ ಕೇಳಿದ ದಿನದಿಂದ ನಾಕ ತಿಂಗಳ ಹತ್ತ ದಿನ ಪರ ಗಂಡಸರ ಮುಂದ ಬರೂಹಂಗಿಲ್ಲ, ಮಾತಾಡೂಹಂಗಿಲ್ಲ. ನೀ ಒಳ್ಳೆಂವ ಅದಿ. ಆಮ್ಯಾಲ ಬಾ."

"ಹಂಗಾರ ನಿಮಗ ಹೇಳ್ತೇನಿ. ಜರಾ ಹೊರಗ ಬರ್ರಿ."

"ಹ್ಯಾಂಗ ಬರ್ಲಿ? ಅಕಿ ತಲಿ ನನ್ನ ತೊಡಿ ಮ್ಯಾಲ ಅದ. ಏನಿದ್ರೂ ಅಲ್ಲಿಂದs ಹೇಳು, ಕೇಳ್ತದ."

ಪರದೆಯ ಆಚೆ ಓಣಿಯ ಹೆಂಗಸರೆಲ್ಲ ಸುಮ್ಮನಾದರು, ಅವನ ಮಾತು ಕೇಳಲು. ಈಚೆ ಜಮಾದಾರ ಟೋಪಿ ಹಾಕಿಕೊಂಡು ಬಂದು ಅವನ ಬೆನ್ನ ಹಿಂದೆ ನಿಂತ. ಜ್ಞಾನೇಶ್ವರನ ಬಾಯಿ ತೆರೆಯಿತು. ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮೊದಲ ಶಬ್ದ ನಾಲಿಗೆಯ ಮೇಲಿತ್ತು.

"ಏನೂ ಇಲ್ಲರಿ" ಎಂದ.

"ನಡೀರಿ" ಎಂದ ಜಮಾದಾರ, ಅವನ ತೋಳು ಮೆಲ್ಲಗೆ ಹಿಡಿದು. "ಠಾಣ್ಯಾಗ ನಿಮ್ಮ ಸಹಿ ಬೇಕು. ಸುದ್ದಿ ಹೇಳಿದವ್ರು ನೀವ ಅಲ್ರಿ."

ಅವರು ಓಣಿಗೆ ಇಳಿದರು. ಎದುರಿನಿಂದ ಇನ್ನಷ್ಟು ಹೆಂಗಸರು ಬರುತ್ತಿದ್ದರು. ದಾರಿ ಇಕ್ಕಟ್ಟಾಗಿದ್ದರಿಂದ ಅವರೆಲ್ಲ ಒಳಗೆ ಹೋಗುವವರೆಗೆ ಇಬ್ಬರೂ ಗೋಡೆಗೆ ಅಂಟಿ ನಿಂತರು.